ದವಾಖಾನೆಗೆ ಹೋಗುವ ದಾರಿಯಲ್ಲಿ ಮಾಡಿದ ಪ್ರಾರ್ಥನೆ

ನಾನು ಕುಡಿತ ಬಿಟ್ಟಿದ್ದು ಎರಡು ಸಲ. ಮೊದಲ ಸಲ ಬಿಟ್ಟಾಗ ಸಾಯುವುದರಲ್ಲಿದ್ದೆ. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಹೇಳುವವರು, ಅಂದರೆ ದೇವರು ತಮ್ಮನ್ನು ಹೇಗೆ ಬದಲಿಸಿದ ಅಂತ ಹೇಳುವವರು, ಈ ಭಾಗವನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಹುಬ್ಬಳ್ಳಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಲಾರಿ, ಟಂಟಂಗಳ ಸೆಲ್ಫ್ ಮೋಟರ್, ಡೈನಮೊ, ವೈರಿಂಗ್ ಎಲ್ಲ ಮಾಡುತ್ತೇನೆ. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯವರು, ಅಜ್ಜನ ಕಾಲಕ್ಕೆ ಅದು ಬಾಸೆಲ್ ಮಿಷನ್ ಸಭೆ. ಭಾನುವಾರ ಬೆಂಚಿನ ಮೇಲೆ ಕೂತು ಹಾಡುತ್ತಿದ್ದೆ, ಉಳಿದ ಆರು ದಿನ ಕುಡಿಯುತ್ತಿದ್ದೆ. ಶುರುವಾಗಿದ್ದು ಸಂಜೆ ಗೆಳೆಯರ ಜೊತೆ. ಹದಿನೇಳು ವರ್ಷದಲ್ಲಿ ಅದು ಎಲ್ಲಿಗೆ ಬಂತು ಅಂದರೆ, ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಕೈ ನಿಲ್ಲುತ್ತಿರಲಿಲ್ಲ.

2014ರಲ್ಲಿ ಬೇರೆ ಊರಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇತ್ತು, ಹೆಂಡತಿ ಕರೆದುಕೊಂಡು ಹೋದಳು. ಮುಂದೆ ಬನ್ನಿ ಅಂದರು, ಹೋದೆ. ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು. ನಾನು ಅತ್ತುಬಿಟ್ಟೆ. ಆ ಅಳು ಸುಳ್ಳಲ್ಲ, ಇವತ್ತಿಗೂ ಹೇಳುತ್ತೇನೆ. ಇನ್ನು ಒಂದು ಹನಿ ಮುಟ್ಟಲ್ಲ ಅಂತ ಮನೆಗೆ ಬಂದೆ. ಮೊದಲ ರಾತ್ರಿ ಬೆವರು, ನಡುಕ. ಮರುದಿನ ಊಟ ಸೇರಲಿಲ್ಲ. ಎರಡನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹರಿದಾಡುವುದು ನನಗೆ ಕಾಣುತ್ತಿತ್ತು, ಹೆಂಡತಿಗೆ ಕಾಣುತ್ತಿರಲಿಲ್ಲ. ಬೆಳಗಿನ ಜಾವ ಫಿಟ್ಸ್ ಬಂತು. ಸೈತಾನ ಬಿಟ್ಟು ಹೋಗುತ್ತಿದ್ದಾನೆ, ಅದಕ್ಕೇ ಹೀಗೆ ಆಗ್ತಿದೆ, ಇನ್ನೂ ಪ್ರಾರ್ಥನೆ ಮಾಡಿ ಅಂತ ಒಬ್ಬರು ಫೋನಿನಲ್ಲಿ ಹೇಳಿದರಂತೆ. ಅವಳು ಅವರ ಮಾತು ಕೇಳದೆ ಆಟೋ ತರಿಸಿದಳು. ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಡಾಕ್ಟರು ಆಮೇಲೆ ತಿಳಿಸಿ ಹೇಳಿದರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರ ಮಿದುಳು ಆ ಮದ್ಯಕ್ಕೆ ತಕ್ಕ ಹಾಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಅದು ಕೆರಳುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಜ್ವರ, ದಿಕ್ಕು ತಪ್ಪುವುದು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುತ್ತದೆ ಅಂತ ಮನೆಯಲ್ಲಿ ಕೂತು ಊಹಿಸಬಾರದು.

ನಾನು ಉಳಿದೆ, ಆದರೆ ಹದಿನೈದು ದಿನದಲ್ಲಿ ಮತ್ತೆ ಕುಡಿದೆ. ಈ ಸಲ ಕುಡಿತದ ಜೊತೆ ಇನ್ನೊಂದು ಸೇರಿತು. ಪ್ರಾರ್ಥನೆ ಮಾಡಿಸಿಕೊಂಡೂ ಬಿಡಲಿಲ್ಲ ಅಂದರೆ ನನ್ನ ವಿಶ್ವಾಸವೇ ಸುಳ್ಳು ಅನ್ನುವ ನಾಚಿಕೆ. ಆ ನಾಚಿಕೆ ಮರೆಯಲು ಮತ್ತೆ ಕುಡಿತ. ಸಭೆಯಲ್ಲಿ ಎಲ್ಲರೂ "ಬಿಡುಗಡೆ ಆಯ್ತಂತೆ, ಸ್ತೋತ್ರ" ಅನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಹಾಗೇ ಎರಡು ವರ್ಷ.

2016ರ ಶುಭ ಶುಕ್ರವಾರ, ಮಾರ್ಚ್ 25. ಆ ದಿನ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ನಾಲ್ಕನೇ ಮಾತಿನ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ, ಬೈಕಿನ ಬಾಕ್ಸಿನಲ್ಲಿದ್ದ ಪೌಚ್ ಕುಡಿದು, ಏಲಕ್ಕಿ ಅಗಿಯುತ್ತಾ ಬಂದು ಕೂತೆ. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು. ಅವಳು ಏನೂ ಹೇಳಲಿಲ್ಲ. ಸುಮ್ನೆ ಎದ್ದು ಅವ್ವನ ಆಚೆ ಬದಿಗೆ ಹೋಗಿ ಕೂತಳು.

ಆರಾಧನೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೂ ಕಾದು, ಸಭಾಪಾಲಕರ, ಅಂದರೆ ನಮ್ಮ ಪಾದ್ರಿಗಳ ಮುಂದೆ ಎಲ್ಲ ಹೇಳಿದೆ. ಎರಡು ವರ್ಷದ ಸುಳ್ಳು, ಬೈಕಿನ ಬಾಕ್ಸು, ಎಲ್ಲ. ಪಕ್ಕದಲ್ಲೇ ಕೂತು ಕೇಳಿದರು. ಕೊನೆಗೆ ಒಂದೇ ಮಾತು: "ಮೊದ್ಲ ದವಾಖಾನಿಗೆ ಹೋಗೋಣು ತಮ್ಮಾ. ಪ್ರಾರ್ಥನಾ ದಾರ್ಯಾಗ ಮಾಡೋಣು."

ಆ ಮಾತು ನನ್ನ ಬದುಕನ್ನು ತಿರುಗಿಸಿತು. ದೇವರೋ ಡಾಕ್ಟರೋ ಅಂತ ಎರಡರಲ್ಲಿ ಒಂದನ್ನು ಆರಿಸಬೇಕು ಅಂದುಕೊಂಡಿದ್ದೆ, ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಆಗುತ್ತದೆ ಅಂತ. ಅವರಿಗೆ ಆ ಪ್ರಶ್ನೆಯೇ ಇರಲಿಲ್ಲ.

ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ನಡುಕ ತಡೆಯಲು ಮಾತ್ರೆ, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬಂದರು. ತಯಾಮಿನ್ ಇಂಜೆಕ್ಷನ್, ಅಂದರೆ ಬಿ1 ವಿಟಮಿನ್. ಕುಡುಕರ ಮೈಯಲ್ಲಿ ಅದು ಬತ್ತಿರುತ್ತದೆ, ಬತ್ತಿದರೆ ಮಿದುಳಿಗೇ ಪೆಟ್ಟು. ನಿದ್ದೆ ಬರದ ರಾತ್ರಿಗಳಲ್ಲಿ ಬೈಬಲಿನ 130ನೇ ಕೀರ್ತನೆ ಓದುತ್ತಿದ್ದೆ, ಆಳದಿಂದ ದೇವರನ್ನು ಕೂಗುವವನ ಪ್ರಾರ್ಥನೆ. ಬೆಳಗಾಗುವುದನ್ನೇ ಕಾಯುವ ಕಾವಲುಗಾರರ ಮಾತು ಅದರಲ್ಲಿ ಬರುತ್ತದೆ. ವಾರ್ಡಿನ ಕಿಟಕಿ ಕಡೆ ಮುಖ ಮಾಡಿ ನಾನೂ ಅದನ್ನೇ ಕಾಯುತ್ತಿದ್ದೆ.

ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಸಂಜೆ ಆರೂವರೆ ನನ್ನ ಶೋಧನೆಯ ಹೊತ್ತು, ಕುಡಿಯುವ ಆಸೆ ಎಳೆಯುವ ಹೊತ್ತು. ಅಂಗಡಿಯಿಂದ ಮನೆಗೆ ಬರುವ ದಾರಿ ಬದಲಿಸಿದೆ, ಎರಡು ಕಿಲೋಮೀಟರ್ ಸುತ್ತು. ಗಿರಾಕಿಗಳ ದುಡ್ಡು ನೇರ ಹೆಂಡತಿಯ ಫೋನಿಗೆ ಹೋಗುವ ಹಾಗೆ ಮಾಡಿದೆ. ಹಸಿವಾದಾಗ ಚಟ ಜಾಸ್ತಿ ಎಳೆಯುತ್ತದೆ ಅಂತ ಗೊತ್ತಾದ ಮೇಲೆ ಐದಕ್ಕೇ ಅಂಗಡಿಯಲ್ಲಿ ರೊಟ್ಟಿ ಪಲ್ಯ ತಿನ್ನುತ್ತಿದ್ದೆ.

ಎಎ ಮೀಟಿಂಗಿಗೂ ಹೋದೆ, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಗುಂಪು ಅದು. ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಹುಟ್ಟಿದ್ದು. ಒಬ್ಬ ಷೇರು ವ್ಯಾಪಾರಿ, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ. ಒಬ್ಬರ ಮುಂದೆ ಒಬ್ಬರು ತಪ್ಪು ಒಪ್ಪಿಕೊಳ್ಳುವ ಪದ್ಧತಿ ಅವರಿಗೆ ಬಂದಿದ್ದು ಒಂದು ಕ್ರೈಸ್ತ ಗುಂಪಿನಿಂದ. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯವೂ ಅದನ್ನೇ ಹೇಳುತ್ತದೆ. ಆದರೆ ಎಎ ಯಾವ ಧರ್ಮದ್ದೂ ಅಲ್ಲ. ನನ್ನ ಕೈ ಹಿಡಿದು ನಡೆಸಿದ ಕಾಕಾ ಹಣೆಗೆ ವಿಭೂತಿ ಹಚ್ಚುವವರು. ದಿನಾ ಆರೂವರೆಗೆ ಅವರಿಗೆ ಫೋನು. "ಇವತ್ತೊಂದು ದಿನಾ ಬ್ಯಾಡ, ನಾಳಿದು ನಾಳೆ ನೋಡೋಣು" ಅನ್ನುವರು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಇವತ್ತಿನ ಆಹಾರ ತಾನೇ? ಅರಣ್ಯದಲ್ಲಿ ಇಸ್ರಾಯೇಲ್ಯರು ನಾಳೆಗೆ ಅಂತ ಎತ್ತಿಟ್ಟ ಮನ್ನಕ್ಕೆ, ದೇವರು ಆಯಾ ದಿನಕ್ಕೆ ಕೊಟ್ಟ ಆಹಾರಕ್ಕೆ, ಹುಳ ಬಿತ್ತು. ಚಿಕ್ಕಂದಿನಿಂದ ಕೇಳಿದ ಆ ಕಥೆ ನಲವತ್ತರ ಹತ್ತಿರ ಬಂದ ಮೇಲೆ ನನಗೆ ಅರ್ಥವಾಯಿತು.

ತಪ್ಪು ಒಪ್ಪಿಕೊಳ್ಳುವುದು ಮಾತಿನಲ್ಲೇ ಮುಗಿಯಲಿಲ್ಲ. ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ನನ್ನ ಕೈಗೆ ಬಂದ 4,200 ರೂಪಾಯಿಯನ್ನು ಕುಡಿದು ಕಳೆದಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಬೈಬಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂತ ಯೇಸುವಿಗೆ ಅಂದ. ನನ್ನಿಂದ ಅಷ್ಟು ಆಗಲಿಲ್ಲ. ಕಮಿಟಿಯ ಮುಂದೆ ನಿಂತು ಹೇಳಿ, ತಿಂಗಳಿಗೆ 500ರಂತೆ ತೀರಿಸಿದೆ. ಕೊನೆಯ ಕಂತು ಕೊಟ್ಟ ರಾತ್ರಿ ಮಾತ್ರೆ ಇಲ್ಲದೆ ನಿದ್ದೆ ಮಾಡಿದೆ.

ಇನ್ನೊಂದು ವಿಷಯ ಕ್ರೈಸ್ತರಾದ ನಮಗೆ ತುಂಬ ಮುಖ್ಯ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಕರ್ತನ ಭೋಜನದ ಪಾತ್ರೆ. ಯೇಸುವಿನ ನೆನಪಿಗೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದೇ ಕರ್ತನ ಭೋಜನ. ಡಾಕ್ಟರು ನನಗೆ ಡೈಸಲ್ಫಿರಾಮ್ ಕೊಟ್ಟಿದ್ದರು. ಅದನ್ನು ನುಂಗುವಾಗ ಸ್ವಲ್ಪ ಮದ್ಯ ಹೋದರೂ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ಕೆಲವು ಕೆಮ್ಮಿನ ಸಿರಪ್ ಕೂಡ ಆಗಲ್ಲ. ಹಾಗಾದರೆ ಪಾತ್ರೆಯಲ್ಲಿರುವ ದ್ರಾಕ್ಷಾರಸ? ಮಾತ್ರೆ ನಿಂತ ಮೇಲೂ ಆ ವಾಸನೆಯೇ ನನಗೆ ಅಪಾಯ. ಎರಡು ತಿಂಗಳು ಹೊಟ್ಟೆ ನೋವು ಅಂತ ನೆಪ ಹೇಳಿ ಭೋಜನ ತಪ್ಪಿಸಿದೆ. ಮತ್ತೆ ಸುಳ್ಳು ಶುರುವಾಯಿತಲ್ಲ ಅಂತ ಭಯವಾಗಿ ಸಭಾಪಾಲಕರಿಗೆ ಹೇಳಿದೆ. ರೊಟ್ಟಿ ಮಾತ್ರ ತೆಗೆದುಕೊಂಡರೂ ಭೋಜನ ಪೂರ್ತಿಯೇ ಅಂದರು. ಮುಂದಿನ ತಿಂಗಳಿಂದ ಅವರ ಮನೆಯವರೇ ಒಣದ್ರಾಕ್ಷಿ ಕುದಿಸಿ ಸೋಸಿದ ರಸ ಬೇರೆ ಲೋಟದಲ್ಲಿ ಇಟ್ಟರು. ಹುಳಿಯದ ದ್ರಾಕ್ಷಿ ರಸ ಹೊಸದೇನಲ್ಲ. 1869ರಲ್ಲೇ ಅಮೆರಿಕದ ಮೆಥೊಡಿಸ್ಟ್ ಸಭೆಯ ಒಬ್ಬ ದಂತವೈದ್ಯರು, ವೆಲ್ಚ್ ಅಂತ, ಭೋಜನಕ್ಕಾಗಿಯೇ ಅದನ್ನು ಕಾಯಿಸಿ ಕೆಡದ ಹಾಗೆ ಮಾಡಿದ್ದರು. ಆ ಬೇರೆ ಲೋಟ ಮೊದಲ ಸಲ ಇಟ್ಟ ಭಾನುವಾರ, ನನ್ನ ಹಿಂದಿದ್ದ ಇನ್ನಿಬ್ಬರು ಗಂಡಸರೂ ಅದರಿಂದಲೇ ಕುಡಿದರು. ನಾನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಕ್ರಿಸ್ಮಸ್ಸಿಗೆ ಅವ್ವ ಭರಣಿಯಲ್ಲಿ ವೈನ್ ಹಾಕುವುದು ನಿಲ್ಲಿಸಿದಳು. ನೆಂಟರು ಕೇಳಿದರೆ "ನಮ್ಮನ್ಯಾಗ ಈಗ ಹಾಕೂದಿಲ್ರಿ" ಅಂತಷ್ಟೇ ಹೇಳುತ್ತಾಳೆ.

ಎಂಟನೇ ತಿಂಗಳಲ್ಲಿ ಜಾರಿದೆ. ಮಾತ್ರೆ ನಿಂತಿತ್ತು, ತಮ್ಮನ ಮದುವೆ, ಒಂದೇ ರಾತ್ರಿ. ಆದರೆ ಆ ಸಲ ಬಚ್ಚಿಡಲಿಲ್ಲ. ಬೆಳಿಗ್ಗೆ ಕಾಕಾನಿಗೆ ಫೋನು, ಹೆಂಡತಿಗೆ, ಡಾಕ್ಟರಿಗೆ. ಪ್ರಾರ್ಥನೆಯಲ್ಲೂ ಹೇಳಿದೆ, "ನಿನ್ನೆ ಕುಡಿದೆ ಕರ್ತನೇ". ಅಲ್ಲಿಂದ ಈಚೆಗೆ ಮುಟ್ಟಿಲ್ಲ. ಆಸೆ ಒಂದೇ ದಿನ ಮಾಯವಾಗಲಿಲ್ಲ. ಎಷ್ಟೋ ವರ್ಷ ಬೇಸಗೆಯ ಸಂಜೆ ಬಂದು ಹೋಗುತ್ತಿತ್ತು. ಬಂದಾಗ ಯಾರಿಗಾದರೂ ಹೇಳುತ್ತಿದ್ದೆ.

ಈಗ ನನ್ನ ಹತ್ತಿರವೂ ಜನ ಬರುತ್ತಾರೆ. ಪ್ರಾರ್ಥನೆ ಮಾಡಿ ಅನ್ನುತ್ತಾರೆ. ನಾನು ಮೊದಲು ಕೇಳುವುದು, ಕೊನೆಗೆ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತಾ? ದೂರದೂರಿನವರಾದರೆ 14446 ನಂಬರ್ ಕೊಡುತ್ತೇನೆ, ಚಟ ಬಿಡಿಸಲು ಸರ್ಕಾರ ಇಟ್ಟಿರುವ ಉಚಿತ ಸಹಾಯವಾಣಿ ಅದು. ಹತ್ತಿರದವರಾದರೆ ನಾನೇ ಜೊತೆಗೆ ಹೋಗುತ್ತೇನೆ.

ಹೋದ ತಿಂಗಳು ಒಬ್ಬ ಹುಡುಗ ಬಂದ, ಇಪ್ಪತ್ತಾರು ವಯಸ್ಸು. ನಿನ್ನೆ ಮಧ್ಯಾಹ್ನದಿಂದ ಕುಡಿದಿಲ್ಲ, ಬಿಟ್ಟುಬಿಟ್ಟೆ ಅಣ್ಣಾ ಅಂದ. ಕೈ ನೋಡಿದೆ, ನಡುಗುತ್ತಿತ್ತು. ಅಂಗಡಿಯ ಶಟರ್ ಇಳಿಸಿ, ದವಾಖಾನೆಗೆ ಅಂತ ಅವನ ಜೊತೆ ಧಾರವಾಡದ ಚಿಗರಿ ಬಸ್ ಹತ್ತಿದೆ. ಪ್ರಾರ್ಥನೆ ಮಾಡುವುದಿಲ್ಲವಾ ಅಂತ ಕೇಳಿದ. ಉಣಕಲ್ ಕೆರೆ ಕಾಣುತ್ತಿತ್ತು. ಅವನ ಎರಡೂ ಕೈ ನನ್ನ ಕೈಯಲ್ಲಿ ಹಿಡಿದುಕೊಂಡು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ಶುರು ಮಾಡಿದೆ.