ಓಡೋಕೆ ಶುರು ಮಾಡಿದ್ಮೇಲೆ ಮಂಡಿನೋವಾ? ನಿಲ್ಲಿಸದೆ ಸರಿಮಾಡ್ಕೊಳ್ಳೋದು ಹೇಗೆ

ಓಡೋಕೆ ಶುರು ಮಾಡಿ ಮೂರ್ನಾಲ್ಕು ವಾರ ಆಗಿರುತ್ತೆ, ಮೊದಲಿನ ಥರ ಏದುಸಿರು ಬರಲ್ಲ, ಇನ್ನು ಸ್ವಲ್ಪ ದೂರ ಜಾಸ್ತಿ ಮಾಡೋಣ ಅಂತ ಹುಮ್ಮಸ್ಸು ಬಂದಿರುತ್ತೆ, ಸರಿಯಾಗಿ ಆಗಲೇ ಮಂಡಿ ನೋಯೋಕೆ ಶುರುವಾಗುತ್ತೆ. ತುಂಬಾ ಜನಕ್ಕೆ ಹೀಗೇ ಆಗುತ್ತೆ, ಅದಕ್ಕೆ ಕಾರಣನೂ ಇದೆ. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಹೊಸ ಕೆಲಸಕ್ಕೆ ಒಗ್ಗಿಕೊಳ್ತವೆ, ಆದ್ರೆ ಮೂಳೆ, ಸ್ನಾಯುನ ಮೂಳೆಗೆ ಜೋಡಿಸೋ ಸ್ನಾಯುರಜ್ಜು ಎಲ್ಲ ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ದಮ್ಮು ಬಂದಷ್ಟು ಬೇಗ ಮಂಡಿಗೆ ತಾಕತ್ತು ಬರಲ್ಲ, ಅಷ್ಟೇ ವಿಷ್ಯ.

ಇಲ್ಲಿ ಕೆಲವ್ರು ಹಲ್ಲು ಕಚ್ಕೊಂಡು ಓಡ್ತಾನೇ ಇರ್ತಾರೆ, ಇನ್ನು ಕೆಲವ್ರು ನಂಗೆ ಓಟ ಆಗ್ಬರಲ್ಲ ಅಂತ ಶೂ ಎತ್ತಿಟ್ಟುಬಿಡ್ತಾರೆ. ನನ್ ಪ್ರಕಾರ ಎರಡೂ ಬೇಡ. ಛಲ ಬೇಕು, ಖಂಡಿತ ಬೇಕು, ಆದ್ರೆ ಆ ಛಲನ ನೋವು ತಡ್ಕೊಳ್ಳೋದ್ರಲ್ಲಿ ಖರ್ಚು ಮಾಡ್ಬೇಡಿ, ಓಟ ಕಮ್ಮಿ ಮಾಡೋದ್ರಲ್ಲಿ, ನಿಧಾನ ಮಾಡೋದ್ರಲ್ಲಿ, ಬೇಜಾರಾದ್ರೂ ವ್ಯಾಯಾಮ ಬಿಡದೆ ಮಾಡೋದ್ರಲ್ಲಿ ಹಾಕಿ.

ಮೊದಲು ಇದು ಡಾಕ್ಟರ್ ನೋಡ್ಬೇಕಾದ ನೋವಾ ಅಂತ ತಿಳ್ಕೊಳ್ಳಿ. ಮಂಡಿ ಊದ್ಕೊಂಡಿದ್ರೆ, ಮಡಚಿದ ಕಾಲು ಬಿಡಿಸೋಕಾಗದೆ ಸಿಕ್ಕಾಕ್ಕೊಂಡ್ರೆ, ನಡೀತಾ ನಡೀತಾ ಕಾಲು ಕುಸಿದ ಹಾಗಾದ್ರೆ, ಬಿದ್ದೋ ತಿರುಚಿಯೋ 'ಟಕ್' ಅಂತ ಸದ್ದಾಗಿ ನೋವು ಶುರುವಾಗಿದ್ರೆ, ಆ ಕಾಲಿನ ಮೇಲೆ ಭಾರ ಹಾಕೋಕೇ ಆಗದಿದ್ರೆ, ರಾತ್ರಿ ನೋವಿಂದ ಎಚ್ಚರ ಆಗ್ತಿದ್ರೆ, ಮುಂದಿನ ಯಾವ ಹೆಜ್ಜೆನೂ ನಿಮಗಲ್ಲ, ಓಟ ನಿಲ್ಲಿಸಿ ತೋರಿಸ್ಕೊಳ್ಳಿ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರನೂ ಇದ್ರೆ ನಾಳೆಗೆ ಅಂತ ಇಡ್ಬೇಡಿ, ಅವತ್ತೇ ಹೋಗಿ.

ಅದ್ಯಾವ್ದೂ ಇಲ್ಲ ಅಂದ್ರೆ ನೋವು ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ಮಂಡಿಚಿಪ್ಪಿನ ಸುತ್ತ ಅಥವಾ ಹಿಂದೆ, ಮೆಟ್ಟಿಲು ಇಳಿಯೋವಾಗ, ಕುಕ್ಕರಗಾಲಲ್ಲಿ ಕೂತಾಗ, ಜಾಸ್ತಿ ಹೊತ್ತು ಕೂತು ಎದ್ದಾಗ ನೋಯುತ್ತೆ ಅಂದ್ರೆ ಅದು ಬಹುಪಾಲು 'ರನ್ನರ್ಸ್ ನೀ' ಅಂತ ಕರೆಯೋ ನೋವು, ಹೊಸಬರಲ್ಲಿ ಇದೇ ಜಾಸ್ತಿ. ಮಂಡಿಯ ಹೊರಮಗ್ಗುಲಲ್ಲಿ, ಅದೂ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ದೂರ ಓಡಿದ್ಮೇಲೆ ಶುರುವಾದ್ರೆ ಅದು ಐಟಿ ಬ್ಯಾಂಡ್, ಅಂದ್ರೆ ಸೊಂಟದಿಂದ ತೊಡೆಯ ಹೊರಮಗ್ಗುಲಲ್ಲಿ ಮಂಡಿವರೆಗೂ ಇಳಿಯೋ ಗಟ್ಟಿ ಪಟ್ಟಿಯ ನೋವು ಇರಬಹುದು, ಇಳಿಜಾರಲ್ಲಿ ಅದು ಇನ್ನೂ ಜೋರಾಗುತ್ತೆ. ಚಿಪ್ಪಿನ ಕೆಳಗೆ ಒಂದೇ ಜಾಗದಲ್ಲಿ ಚುಚ್ಚಿದ್ರೆ ಅಲ್ಲಿನ ಸ್ನಾಯುರಜ್ಜಿನ ಮೇಲೆ ಹೊರೆ ಜಾಸ್ತಿ ಆಗಿರಬಹುದು. ಮೂರಕ್ಕೂ ಶುರುವಿನ ಉಪಾಯ ಒಂದೇ ಥರ, ಹಾಗಾಗಿ ಹೆಸರಿನ ಬಗ್ಗೆ ತಲೆ ಕೆಡಿಸ್ಕೊಳ್ಬೇಡಿ.

ಆಮೇಲೆ ನೋವಿಗೆ ಮಾರ್ಕ್ಸ್ ಕೊಡೋದು ಕಲೀಬೇಕು, ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಕೊಳ್ತೀನಿ ಅಂದ್ರೆ ಇದನ್ನ ಇಟ್ಕೊಳ್ಳಿ. ಸೊನ್ನೆ ಅಂದ್ರೆ ನೋವೇ ಇಲ್ಲ, 10 ಅಂದ್ರೆ ತಡೆಯೋಕಾಗದ ನೋವು. ಓಡೋವಾಗ 3ರ ಒಳಗೇ ಇದ್ದು, ಓಡ್ತಾ ಓಡ್ತಾ ಏರದೆ, ಕುಂಟೋ ಹಾಗೆ ಮಾಡದೆ, 24 ಗಂಟೆಯೊಳಗೆ ಮೊದಲಿನ ಸ್ಥಿತಿಗೆ ಬಂದ್ರೆ ಆ ಓಟ ನಿಮ್ಮ ಮಂಡಿಗೆ ಸರಿಹೋಯ್ತು ಅಂತ ಲೆಕ್ಕ. ಮಾರನೇ ದಿನ ಮೆಟ್ಟಿಲು ಇಳಿಯೋವಾಗ ಹಿಂದಿನ ದಿನಕ್ಕಿಂತ ಜಾಸ್ತಿ ನೋಯ್ತಿದ್ರೆ ಅದು ಅತಿಯಾಯ್ತು, ಮುಂದಿನ ಸಲ ಕಮ್ಮಿ ಮಾಡಿ. 5 ದಾಟ್ತು ಅಂದ್ರೆ ಅಲ್ಲೇ ನಿಲ್ಲಿಸಿ ನಡ್ಕೊಂಡು ವಾಪಸ್ ಬನ್ನಿ, ಇನ್ನೊಂದೇ ರೌಂಡ್ ಅಂತ ಹಠ ಬೇಡ. ಓಡೋ ಮುಂಚೆ ನೋವಿನ ಮಾತ್ರೆ ತಗೊಳ್ಳೋದಂತೂ ಬೇಡವೇ ಬೇಡ, ಈ ಲೆಕ್ಕ ಪೂರ್ತಿ ನಿಂತಿರೋದೇ ನೋವು ನಿಮಗೆ ಸರಿಯಾಗಿ ಗೊತ್ತಾಗೋದರ ಮೇಲೆ.

ಈಗ ಓಟ ಕಮ್ಮಿ ಮಾಡೋದು. ಒಂದು ನಿಮಿಷ ಓಡಿ, ಒಂದೂವರೆ ನಿಮಿಷ ನಡೀರಿ, ಹೀಗೇ 20 ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನೋರು ಮಾಡಿದ 'ಕೌಚ್ ಟು 5ಕೆ' ಅನ್ನೋ, ಹೊಸಬರನ್ನ 5 ಕಿಲೋಮೀಟರ್ ಓಡೋ ಹಾಗೆ ಮಾಡೋ 9 ವಾರದ ಪ್ಲಾನ್ ಶುರುವಾಗೋದೇ ಹೀಗೆ, ಆದ್ರೆ ಅದನ್ನ 9 ವಾರದಲ್ಲೇ ಮುಗಿಸ್ಬೇಕು ಅಂತ ಯಾವ ರೂಲೂ ಇಲ್ಲ, ಮಂಡಿ ಒಪ್ಪದಿದ್ರೆ ಅದೇ ವಾರನ ಎರಡು ಸಲ, ಮೂರು ಸಲ ಮಾಡಿ. ನಡಿಗೆ ಸೇರಿಸೋದ್ರಲ್ಲಿ ಅವಮಾನ ಏನೂ ಇಲ್ಲ ರೀ. ವೇಗ ಎಷ್ಟಿರ್ಬೇಕು ಅಂದ್ರೆ, ಪಕ್ಕದಲ್ಲಿರೋರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕಾಗ್ಬೇಕು. ಇಳಿಜಾರು ಸದ್ಯಕ್ಕೆ ಬೇಡ, ಇಳಿಯೋವಾಗ ಬ್ರೇಕ್ ಹಾಕೋ ಕೆಲಸ ತೊಡೆ ಮತ್ತೆ ಮಂಡಿದೇ.

ಹೆಜ್ಜೆನೂ ಸ್ವಲ್ಪ ಚಿಕ್ಕದು ಮಾಡಿ. ಹೊಸಬರು ಕಾಲನ್ನ ತುಂಬಾ ಮುಂದಕ್ಕೆ ಚಾಚಿ ಇಡ್ತಾರೆ, ಆಗ ಮಂಡಿ ಮೇಲೆ ಹೊರೆ ಜಾಸ್ತಿ ಬೀಳುತ್ತೆ. 30 ಸೆಕೆಂಡಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ತು ಅಂತ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಸಿಗುತ್ತೆ. ಅದನ್ನ ಶೇ 5ರಿಂದ 10ರಷ್ಟು ಏರಿಸಿ, ಅಂದ್ರೆ 160 ಇದ್ರೆ 168ರಿಂದ 176, ವೇಗ ಮಾತ್ರ ಅಷ್ಟೇ ಇರ್ಲಿ. ಇಷ್ಟು ಬದಲಾವಣೆಗೇ ಮಂಡಿ ಮೇಲಿನ ಹೊರೆ ಇಳಿಯುತ್ತೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಎಲ್ಲರೂ ನಿಮಿಷಕ್ಕೆ 180 ಹೆಜ್ಜೆಗೇ ಬರ್ಬೇಕು ಅಂತ ಕೆಲವ್ರು ಹೇಳೋ ಮಾತು ಬಿಟ್ಟುಬಿಡಿ, ಎತ್ತರ, ವೇಗ ನೋಡ್ಕೊಂಡು ಅದು ಒಬ್ಬೊಬ್ಬರಿಗೆ ಒಂದೊಂಥರ.

ಇನ್ನು ವ್ಯಾಯಾಮ, ಎಲ್ಲರೂ ಬಿಟ್ಟುಬಿಡೋದು ಇದನ್ನೇ. ಮಂಡಿ ಹಿಡಿತದಲ್ಲಿ ಇರೋದೇ ಅದರ ಮೇಲಿನ ತೊಡೆ ಮತ್ತೆ ಸೊಂಟದ ಪಕ್ಕದ ಸ್ನಾಯುಗಳಿಂದ, ಹಾಗಾಗಿ ಮಂಡಿ ತಿಕ್ಕಿ ತಿಕ್ಕಿ ಎಣ್ಣೆ ಹಚ್ಚೋದಕ್ಕಿಂತ ಇವುಗಳನ್ನ ಬಲ ಮಾಡೋದ್ರಲ್ಲಿ ಉಪಯೋಗ ಇದೆ. ಕೈ ಊರದೆ ಕುರ್ಚಿಯಿಂದ ನಿಧಾನಕ್ಕೆ ಎದ್ದು ಕೂರೋದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತೋದು, ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನ ನೇರವಾಗಿ ಎತ್ತೋದು, ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಪ್ರತಿಯೊಂದೂ 10-12 ಸಲದ ಮೂರು ಸೆಟ್, ವಾರಕ್ಕೆ ಎರಡ್ಮೂರು ದಿನ. ಇವು ಸುಲಭ ಅನ್ಸಿದ್ಮೇಲೆ ತಗ್ಗಾದ ಒಂದು ಮೆಟ್ಟಿಲಿಂದ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯೋದು ಸೇರಿಸಿ, ಆಗ ಮಂಡಿ ಒಳಗಡೆಗೆ ವಾಲದ ಹಾಗೆ ನೋಡ್ಕೊಳ್ಳಿ. ಇಲ್ಲೂ ಅದೇ 3ರ ಲೆಕ್ಕ. ಒಂದು ವಾರಕ್ಕೆ ಫಲ ಕಾಣಲ್ಲ, ಆರೆಂಟು ವಾರನಾದ್ರೂ ಬಿಡದೆ ಮಾಡಿ.

ಶೂ ಬಗ್ಗೆ ಒಂದೇ ಮಾತು, ಹಾಕ್ಕೊಂಡ ಕೂಡ್ಲೇ ಹಾಯಾಗಿರ್ಬೇಕು, ತಳ ಸವೆದಿದ್ರೆ ಬದಲಾಯಿಸಿ, ದುಬಾರಿ ಶೂ ಹಾಕಿದ್ರೆ ನೋವು ಹೋಗುತ್ತೆ ಅನ್ಕೋಬೇಡಿ.

ಓಡಿದ್ರೆ ಮಂಡಿ ಸವೀತದೆ ಅಂತ ಮನೇಲಿ ಹೆದರಿಸೋರು ಇದ್ದೇ ಇರ್ತಾರೆ. 2017ರಲ್ಲಿ ಹಲವಾರು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಹವ್ಯಾಸಕ್ಕೆ ಓಡೋರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಸುಮಾರು ಶೇ 3.5 ಜನಕ್ಕಿತ್ತು, ಓಡದೆ ಕೂತಿರೋರಲ್ಲಿ ಸುಮಾರು ಶೇ 10. ಓಟದಿಂದಲೇ ಸವೆತ ಕಮ್ಮಿ ಆಯ್ತು ಅಂತ ಇದು ಸಾಬೀತು ಮಾಡಲ್ಲ, ಆದ್ರೆ ಹೆದ್ರಿಕೊಂಡು ಬಿಡೋ ಕಾರಣ ಇಲ್ಲ ಅನ್ನೋದಂತೂ ಗೊತ್ತಾಗುತ್ತೆ.

ಎರಡು ವಾರ ಸತತವಾಗಿ ನೋವು 2 ದಾಟದೆ ಇದ್ರೆ ಓಡೋ ನಿಮಿಷಗಳನ್ನ ಸ್ವಲ್ಪ ಏರಿಸಿ, ದೂರ ಮತ್ತೆ ವೇಗ ಎರಡನ್ನೂ ಒಂದೇ ವಾರ ಏರಿಸ್ಬೇಡಿ, ಮೊದಲು ದೂರ, ವೇಗ ಆಮೇಲೆ, ಇಳಿಜಾರು ಎಲ್ಲಕ್ಕಿಂತ ಕೊನೆಗೆ. ಇಷ್ಟೆಲ್ಲ ಮಾಡಿಯೂ ಆರು ವಾರದಲ್ಲಿ ನೋವು ಒಂಚೂರೂ ಇಳೀಲಿಲ್ಲ ಅಂದ್ರೆ ಓಟಗಾರರನ್ನ ನೋಡಿ ಅಭ್ಯಾಸ ಇರೋ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ, ಹೋಗೋವಾಗ ಯಾವತ್ತು ಎಷ್ಟು ಓಡಿದ್ರಿ, ನೋವಿಗೆ ಎಷ್ಟು ಮಾರ್ಕ್ಸ್ ಕೊಟ್ರಿ ಅಂತ ಬರೆದಿಟ್ಕೊಂಡಿದ್ದನ್ನ ತಗೊಂಡ್ಹೋಗಿ.