ಎಲೆ ಉಲಿಯಕ್ಕಿಯನ್ನು ಗುರುತಿಸುವುದು ಹೇಗೆ?

ಚಳಿಗಾಲದ ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪದೇ ಪದೇ ಕಾಣುವ ದೃಶ್ಯ ಇದು. ಮರದ ಮೇಲೆ ಏನೋ ಚಿಕ್ಕದು ಅಲುಗಾಡುತ್ತದೆ, ನಾಲ್ಕೈದು ಬೈನಾಕ್ಯುಲರ್‌ಗಳು ಒಟ್ಟಿಗೆ ಮೇಲೇಳುತ್ತವೆ, ಅಷ್ಟರಲ್ಲಿ ಹಕ್ಕಿ ಮಾಯ. ‘ಸಿಂಪಿಗ (ಟೇಲರ್‌ಬರ್ಡ್) ಇರಬೇಕು ಬಿಡಿ’ ಎಂದು ಗುಂಪು ಮುಂದೆ ಹೋಗುತ್ತದೆ. ಹೀಗೆ ಬಿಟ್ಟುಹೋಗುವುದು ಬಹಳ ಸಲ ಗ್ರೀನಿಶ್ ವಾರ್ಬ್ಲರ್ ಎಂಬ ಎಲೆ ಉಲಿಯಕ್ಕಿ. ಉದ್ದ 10 ಸೆಂ.ಮೀ., ತೂಕ ಸುಮಾರು 8 ಗ್ರಾಂ. ಹಿಮಾಲಯದಲ್ಲೋ ಸೈಬೀರಿಯಾದಲ್ಲೋ ಗೂಡು ಕಟ್ಟಿ, ಚಳಿಗೆ ನಮ್ಮೂರಿಗೆ ಬರುವ ಹಕ್ಕಿ. ಅದನ್ನು ಹೀಗೆ ಕಡೆಗಣಿಸುವುದು ನನಗೆ ನಿಜಕ್ಕೂ ಬೇಸರ.

ಮೊದಲು ಕಾಲ, ಜಾಗ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ, ಬೆಳಿಗ್ಗೆ ಏಳರಿಂದ ಒಂಬತ್ತು. ಲಿಂಗಾಂಬುಧಿ ಕೆರೆ, ಚಾಮುಂಡಿ ಬೆಟ್ಟ, ಮೇಲುಕೋಟೆಯ ಕಾಡು, ಎಲ್ಲಾದರೂ ಸರಿ. ಹೊಂಗೆ, ಮಾವು, ಮಳೆಮರ ಚೆನ್ನಾಗಿರಬೇಕು.

ಆಮೇಲೆ, ಅಲ್ಲದ್ದನ್ನು ತೆಗೆದುಹಾಕಿ. ನೆತ್ತಿ ಕೆಂಗಂದು, ಬಾಲ ನೆಟ್ಟಗೆ, ಗಿಡದ ಬುಡದಲ್ಲಿ ಓಡಾಟ: ಸಿಂಪಿಗ. ಕಣ್ಣ ಸುತ್ತ ಬಿಳಿ ಉಂಗುರ, ಗುಂಪಾಗಿ ಬಂದಿದೆ: ಬೆಳ್ಗಣ್ಣ.

ಇನ್ನು ಮೂರನೆಯ ಹೆಜ್ಜೆ. ಎಲ್ಲರೂ ಎಡವುವುದು ಇಲ್ಲೇ. ಬೈನಾಕ್ಯುಲರ್ ಕೆಳಗಿಳಿಸಿ. ಮರದ ಕೆಳಗೆ ಹತ್ತು ನಿಮಿಷ ಮಾತಿಲ್ಲದೆ ನಿಂತು ಕೇಳಿ. ಎಲೆ ಉಲಿಯಕ್ಕಿಗಳು ನೋಡಲು ಅಕ್ಕತಂಗಿಯರಂತೆ ಒಂದೇ ತರ, ದನಿ ಮಾತ್ರ ಬೇರೆ ಬೇರೆ. ನಮ್ಮ ಹಕ್ಕಿಯದು ಎರಡೇ ಉಚ್ಚಾರ: ‘ಚಿಸ್-ಲೀ’. ಚುರುಕಾಗಿ, ಚೂಪಾಗಿ, ಒಂದೇ ಏಟಿಗೆ ಮುಗಿಯುತ್ತದೆ. ‘ಚಿ-ರಿ-ವೀ’ ಎಂದು ಮೂರು ಉಚ್ಚಾರ ಕೇಳಿಸಿದರೆ ಅದು ಗ್ರೀನ್ ವಾರ್ಬ್ಲರ್, ಕಾಕಸಸ್ ಕಡೆಯ ಹಕ್ಕಿ; ಮುಖ, ಎದೆ ಹೆಚ್ಚು ಹಳದಿ. ಸಿಳ್ಳೆ ಹಾಕಿದಂತೆ ಮೊದಲದು ತಗ್ಗಿ ಎರಡನೆಯದು ಏರಿದರೆ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್. ಕಲ್ಲಿಗೆ ಕಲ್ಲು ತಾಗಿಸಿದಂತೆ ‘ಟಕ್, ಟಕ್’ ಎಂದು ಪೊದೆಯಿಂದ ಬಂದರೆ ಅದು ಕಂದುಬಣ್ಣದ ಬ್ಲೈತ್ಸ್ ರೀಡ್ ವಾರ್ಬ್ಲರ್. ಬೆರಳು ಮಡಚಿ ಉಚ್ಚಾರ ಎಣಿಸಿ, ಕಡಿಮೆಯೆಂದರೆ ಇಪ್ಪತ್ತು ಸಲ. ಒಂದೇ ಕೂಗು ಕೇಳಿ ಹೆಸರು ಬರೆಯಬೇಡಿ. ಎಲೆಗಳ ಸದ್ದಿನಲ್ಲಿ ಮೂರು ಎರಡಾಗಿ ಕೇಳಿಸುವುದುಂಟು.

ಕೆಲವರು ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುತ್ತಾರೆ. ದಯವಿಟ್ಟು ಬೇಡ. ಈ ಹಕ್ಕಿ ಚಳಿಗಾಲದಲ್ಲೂ ತನ್ನ ಗಡಿ ಕಾಯುತ್ತದೆ. ಆ ‘ಚಿಸ್-ಲೀ’ ಇನ್ನೊಂದಕ್ಕೆ ಕೊಡುವ ಎಚ್ಚರಿಕೆ. ಮೊಬೈಲ್ ಕೂಗಿದರೆ ಅದು ಹುಳ ಹಿಡಿಯುವುದು ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತದೆ. ಕೂಗು ಗುರುತಿಸುವ ಆ್ಯಪ್ ಬಳಸಿ, ತಪ್ಪಿಲ್ಲ. ಆದರೆ ಮೊದಲು ನಿಮ್ಮ ಕಿವಿ ಹೇಳಿದ್ದು ಪುಸ್ತಕದಲ್ಲಿ ಬರೆದಿರಲಿ.

ಈಗ ಬೈನಾಕ್ಯುಲರ್ ಎತ್ತಿ. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು; ಇಪ್ಪತ್ತು, ಮೂವತ್ತು ಪಟ್ಟು ಜೂಮ್ ಎನ್ನುವ ಅಗ್ಗದ ಮಾಲಿಗೆ ದುಡ್ಡು ಸುರಿಯಬೇಡಿ, ಕೈ ನಡುಗಿ ಏನೂ ಕಾಣುವುದಿಲ್ಲ. ಕೊಕ್ಕಿನ ಬುಡದಿಂದ ಕತ್ತಿನತ್ತ ಎಳೆದಂಥ ಉದ್ದನೆ ಬಿಳಿಹಳದಿ ಹುಬ್ಬು, ಕೊಕ್ಕಿನ ಕೆಳಭಾಗ ತಿಳಿ ಕಿತ್ತಳೆ, ನೆತ್ತಿಯ ನಡುವೆ ಗೆರೆ ಇಲ್ಲ. ಗೆರೆಯಿದ್ದರೆ ಅದು ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಎಂಬ ಇನ್ನೊಂದು ಎಲೆ ಉಲಿಯಕ್ಕಿ. ರೆಕ್ಕೆಯ ಮೇಲೆ ದಾರದಷ್ಟು ಸಣ್ಣ ತಿಳಿಪಟ್ಟಿ. ಈ ಪಟ್ಟಿಯನ್ನೇ ನಂಬಿ ಕೂರಬೇಡಿ: ಗರಿ ಸವೆದಂತೆ ಅದೂ ಅಳಿಸಿಹೋಗಬಹುದು. ಹೋದ ಫೆಬ್ರವರಿಯಲ್ಲಿ ಹೊಂಗೆಯ ತಗ್ಗು ಕೊಂಬೆಯಲ್ಲಿ, ನನ್ನಿಂದ ಎರಡು ಮಾರು ದೂರದಲ್ಲಿ, ಒಂದು ಹಕ್ಕಿ ಎಲೆಯ ಅಡಿಗೆ ಹಾರಿ, ಗಾಳಿಯಲ್ಲೇ ಅರೆಗಳಿಗೆ ನಿಂತು, ಹಸಿರು ಹುಳವೊಂದನ್ನು ಕಿತ್ತು ಕೊಂಬೆಗೆ ಒರೆಸಿ ನುಂಗಿತು. ಅಷ್ಟು ಹತ್ತಿರದಲ್ಲೂ ಪಟ್ಟಿ ಕಾಣಲಿಲ್ಲ. ಹೆಸರು ಹೇಳಿದ್ದು ‘ಚಿಸ್-ಲೀ’ಯೇ.

ಕಿವಿಗೆ ನಾನು ಇಷ್ಟು ಮಹತ್ವ ಕೊಡಲು ಇನ್ನೊಂದು ಕಾರಣ ಇದೆ. ಟಿಬೆಟ್ ಪ್ರಸ್ಥಭೂಮಿಯ ಸುತ್ತ ಈ ಹಕ್ಕಿ ಬಳೆಯಂತೆ ಹಬ್ಬಿದೆ. ಹಿಮಾಲಯದಿಂದ ಪಶ್ಚಿಮ, ಪೂರ್ವ ಎರಡೂ ಬದಿಯಲ್ಲಿ ಉತ್ತರಕ್ಕೆ ಹೋದಂತೆ ಗೂಡು ಕಟ್ಟುವ ಕಾಲದ ಹಾಡು ಉದ್ದವಾಗುತ್ತ, ತೊಡಕಾಗುತ್ತ ಹೋಗುತ್ತದೆ. ಸೈಬೀರಿಯಾದಲ್ಲಿ ಎರಡು ತುದಿಗಳು ಸೇರುವ ಹೊತ್ತಿಗೆ, ಒಂದರ ಹಾಡನ್ನು ಇನ್ನೊಂದು ತನ್ನವರದೆಂದು ಒಪ್ಪುವುದೇ ಇಲ್ಲ. ಜೀವವಿಜ್ಞಾನಿ ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ತೋರಿಸಿಕೊಟ್ಟರು.

ಕೊನೆಗೆ, ಮರವನ್ನು ಗುರುತು ಮಾಡಿಕೊಳ್ಳಿ. ಮುಂದಿನ ವಾರ ಅದೇ ಹೊತ್ತಿಗೆ ಅದೇ ಮರದಡಿ ನಿಂತರೆ ಬಹುತೇಕ ಅದೇ ಕೂಗು ಕೇಳಿಸುತ್ತದೆ. ಅಕ್ಟೋಬರ್‌ನಲ್ಲಿ ಮೊದಲು ಕೇಳಿದ ದಿನ, ಏಪ್ರಿಲ್‌ನಲ್ಲಿ ಕೊನೆಗೆ ಕೇಳಿದ ದಿನ, ಎರಡನ್ನೂ ಬರೆದಿಡಿ.