ಇಲಿಯ ಫಂಡಸ್‌ನಲ್ಲಿ ಐಸಿಸಿ ಹಿಡಿದದ್ದು: ನನ್ನ ಅನುಭವ

"ನರ ನೇರವಾಗಿ ಸ್ನಾಯುವಿಗೇ ಹೇಳುತ್ತದೆ. ಮಧ್ಯೆ ದಲ್ಲಾಳಿ ಯಾಕಪ್ಪಾ?" ಜಠರದ ಗೋಡೆಯಲ್ಲಿ ನರದ ಮಾತನ್ನು ಸ್ನಾಯುವಿಗೆ ದಾಟಿಸುವುದು ಕಹಾಲ್ ಕೋಶಗಳು (ಇಂಟರ್‌ಸ್ಟಿಷಿಯಲ್ ಸೆಲ್ಸ್ ಆಫ್ ಕಹಾಲ್, ಚಿಕ್ಕದಾಗಿ ಐಸಿಸಿ) ಅಂತ ನಾನು ಅವುಗಳ ಬೆನ್ನು ಹತ್ತಿದಾಗ ನಮ್ಮ ಸೀನಿಯರ್ ನನ್ನನ್ನು ಕೇಳಿದ್ದು ಇದನ್ನೇ. ಅವರ ಮಾತಿಗೂ ಆಧಾರವಿತ್ತು. ಡಬ್ಲ್ಯೂ/ಡಬ್ಲ್ಯೂವಿ ಅನ್ನುವ ಮ್ಯೂಟೆಂಟ್ (ಜೀನ್ ಬದಲಾದ) ಇಲಿಯ ಫಂಡಸ್‌ನಲ್ಲಿ, ಅಂದರೆ ಜಠರದ ಮೇಲ್ಭಾಗದಲ್ಲಿ, ಸ್ನಾಯುವಿನೊಳಗಿನ ಐಸಿಸಿ ಇರುವುದಿಲ್ಲ. ಆದರೂ ಅದರಿಂದ ಕತ್ತರಿಸಿದ ಸ್ನಾಯುಪಟ್ಟಿಯನ್ನು ಬಲ ಅಳೆಯುವ ಟ್ರಾನ್ಸ್‌ಡ್ಯೂಸರ್‌ಗೆ ಕಟ್ಟಿ ವಿದ್ಯುತ್ ಪಲ್ಸ್‌ನಿಂದ ನರ ಕೆಣಕಿದರೆ ಟೆನ್ಷನ್ (ಸ್ನಾಯುವಿನ ಎಳೆತ) ಏರಿಳಿಯುತ್ತಿತ್ತು. ಅಲ್ಲಿಗೆ ನನ್ನ ಕೇಸು ಬಿತ್ತು ಅಂದುಕೊಂಡರು.

ಟೆನ್ಷನ್ ಮೇಲೆ ನನಗೆ ಮೊದಲಿಂದಲೂ ಅಷ್ಟು ನಂಬಿಕೆ ಇಲ್ಲ. ಹತ್ತಿಪ್ಪತ್ತು ಸೆಕೆಂಡು ಬಿಡದೆ ಪಲ್ಸ್ ಬಡಿದರೆ ನರ ಬಿಡುವ ರಾಸಾಯನಿಕ ತುಳುಕಿ ಸ್ನಾಯುವಿನವರೆಗೂ ಹರಿದೇ ಹರಿಯುತ್ತದೆ ಅನ್ನುವುದು ನನ್ನ ಲೆಕ್ಕ. ಹಾಗಾಗಿ ಒಂದೇ ಪಲ್ಸ್, ಹೆಚ್ಚೆಂದರೆ ಐದು ಕೊಟ್ಟು, ಸ್ನಾಯುಕೋಶದೊಳಗಿನ ವೋಲ್ಟೇಜನ್ನೇ ಅಳೆಯುವುದು ಅಂತ ಹೊರಟೆ. 3 ಮೋಲಾರ್ ಕೆಸಿಎಲ್ ತುಂಬಿದ ಗಾಜಿನ ಎಲೆಕ್ಟ್ರೋಡ್, ರೆಸಿಸ್ಟೆನ್ಸ್ 60–80 ಮೆಗಾಓಮ್ ಆಸುಪಾಸು, ಪಟ್ಟಿ ಮುಳುಗಿಸಿದ ದ್ರಾವಣದಲ್ಲಿ (ಬಾತ್) ಸ್ನಾಯು ಕುಗ್ಗದಂತೆ ತಡೆಯುವ ನಿಫೆಡಿಪಿನ್.

ಮೊದಲ ಎಂಟು ತಿಂಗಳು ಏನೂ ಸಿಗಲಿಲ್ಲ. ನಿಫೆಡಿಪಿನ್ ಇದ್ದರೂ ಪಟ್ಟಿ ಸ್ವಲ್ಪ ಅಲುಗುತ್ತಿತ್ತು, ತುದಿ ಮುರಿಯುತ್ತಿತ್ತು. ಕೋಶದೊಳಗೆ ಹೊಕ್ಕ ದಿನವೂ ವೋಲ್ಟೇಜ್ ಗೆರೆ ನೆಟ್ಟಗೆ ನಿಲ್ಲದೆ ಕೆಲವು ಮಿಲಿವೋಲ್ಟ್ ಸದಾ ನಡುಗುತ್ತಿತ್ತು. ನಾಯ್ಸ್ ಅಂದುಕೊಂಡೆ. ಗ್ರೌಂಡ್ ವೈರ್ ಬದಲಾಯಿಸಿದೆ, ಹೊರಗಿನ ವಿದ್ಯುತ್ ಗದ್ದಲ ತಡೆಯುವ ಹೊಸ ಫ್ಯಾರಡೇ ಕೇಜ್ ಮಾಡಿಸಿದೆ, ಕಂಪನ ತಡೆಯುವ ಟೇಬಲ್ ತರಿಸಿದೆ. ಆ ವರ್ಷದ ಅನುದಾನದಲ್ಲಿ ಹೆಚ್ಚುಕಡಿಮೆ ಅರ್ಧ ಇದಕ್ಕೇ ಹೋಯಿತು. ನಡುಕ ಮಾತ್ರ ಹಾಗೇ ಇತ್ತು.

ಉಳಿದ ದುಡ್ಡನ್ನು ಇಲಿಗಳು ತಿಂದವು. ಮ್ಯೂಟೆಂಟ್‌ಗೆ ಸಂತಾನವಿಲ್ಲ, ರಕ್ತಹೀನತೆ ಬೇರೆ. ಒಂದೊಂದು ಜೀನ್ ಹೊತ್ತ ತಂದೆತಾಯಿಯನ್ನು ಕೂಡಿಸಿ, ನಾಲ್ಕರಲ್ಲಿ ಒಂದು ಮರಿಗಾಗಿ ಕಾಯಬೇಕು. ಬಿಳಿ ಮೈ, ಕಪ್ಪು ಕಣ್ಣು ಕಂಡರೆ ಅದೇ. ಜೀನ್ ಪರೀಕ್ಷಿಸುವ ಪಿಸಿಆರ್ ಖರ್ಚಾದರೂ ಉಳಿಯಿತು.

ಅಂಥ ಮೊದಲ ಮರಿಯಲ್ಲಿ ಎಲೆಕ್ಟ್ರೋಡ್ ಒಳಹೊಕ್ಕಾಗ ಗೆರೆ ತೆಪ್ಪಗೆ ಮಲಗಿತ್ತು. ಅದೇ ಕೇಜ್, ಅದೇ ಟೇಬಲ್, ಅದೇ ಆಂಪ್ಲಿಫೈಯರ್. ಎಲೆಕ್ಟ್ರೋಡ್ ಹೊರಗೆ ಬಂದಿದೆಯೇನೋ ಅಂತ ಮೂರು ಸಲ ನೋಡಿದೆ. ಇಲ್ಲ, ವೋಲ್ಟೇಜ್ ಮೈನಸ್ ನಲವತ್ತು ಮಿಲಿವೋಲ್ಟ್ ದಾಟಿಯೇ ಇತ್ತು, ಅಂದರೆ ಕೋಶದೊಳಗೇ ಇದೆ. ಮರುದಿನ ಸಾಮಾನ್ಯ ಇಲಿ ಹಾಕಿದರೆ ಮತ್ತೆ ನಡುಕ. ನರದ ಬಾಯಿ ಕಟ್ಟುವ ಟಿಟಿಎಕ್ಸ್ ವಿಷ ಸುರಿದರೂ ನಿಲ್ಲಲಿಲ್ಲ, ಅಂದರೆ ನರದ್ದಲ್ಲ. ಎಂಟು ತಿಂಗಳು ನಾನು ಓಡಿಸಲು ನೋಡಿದ್ದು ಐಸಿಸಿಯ ಉಸಿರಾಟವನ್ನೇ! ಆ ಕೇಜ್ ಮೇಲೆ ಈಗ ಹಳೇ ಮ್ಯಾನುಯಲ್‌ಗಳು ಕೂತಿವೆ.

ಆಮೇಲೆ ಕೆಲಸ ಸಲೀಸು. ಸಾಮಾನ್ಯ ಫಂಡಸ್‌ಗೆ ಒಂದು ಪಲ್ಸ್ ಕೊಟ್ಟರೆ ವೋಲ್ಟೇಜ್ ಮೇಲೇರುತ್ತದೆ. ಸ್ನಾಯು ಕುಗ್ಗಿಸಲು ನರ ಬಿಡುವ ಅಸಿಟೈಲ್‌ಕೊಲೀನ್‌ಗೆ ಅಡ್ಡಹಾಕುವ ಅಟ್ರೋಪಿನ್ ಹಾಕಿದರೆ ಆ ಏರು ಹೋಗಿ ಕೆಳಗಿಳಿತ ಉಳಿಯುತ್ತದೆ, ಅದನ್ನು ನೈಟ್ರಿಕ್ ಆಕ್ಸೈಡ್ ತಯಾರಿ ತಡೆಯುವ ಎಲ್-ಎನ್‌ಎನ್‌ಎ ಬಹುಪಾಲು ನುಂಗುತ್ತದೆ. ಮ್ಯೂಟೆಂಟ್‌ನಲ್ಲಿ ಏರೂ ಇಲ್ಲ, ಇಳಿತವೂ ಇಲ್ಲದಷ್ಟು ಕಮ್ಮಿ. ಸ್ನಾಯು ಸತ್ತಿದೆ ಅನ್ನುವಂತಿಲ್ಲ: ನಿಫೆಡಿಪಿನ್ ಇಲ್ಲದ ಬೇರೆ ಪಟ್ಟಿಗೆ ಅಸಿಟೈಲ್‌ಕೊಲೀನ್ ಸುರಿದರೆ ಚೆನ್ನಾಗಿಯೇ ಕುಗ್ಗಿತು. ನರವೂ ಬಣ್ಣ ಹಾಕಿ ನೋಡಿದರೆ ನೆಟ್ಟಗಿತ್ತು. ಐಸಿಸಿ ಗುರುತಿಸಲು ಕಿಟ್ ಅನ್ನುವ ಪ್ರೋಟೀನ್‌ಗೆ ಬಣ್ಣ ಹಾಕುವವರಿಗೆ ಒಂದು ಮಾತು: ಎಸಿಕೆ2 ಆಂಟಿಬಾಡಿ ಆದರೆ ಅಸಿಟೋನ್‌ನಲ್ಲೇ ಫಿಕ್ಸ್ ಮಾಡಿ. ಪ್ಯಾರಾಫಾರ್ಮಾಲ್ಡಿಹೈಡ್ ನೆಚ್ಚಿ ನಾನು ಎರಡು ಬಾಟಲಿ ಆಂಟಿಬಾಡಿ ಮಣ್ಣುಪಾಲು ಮಾಡಿದ್ದೇನೆ. ಪಟ್ಟಿ ಅಲುಗದಂತೆ ಪಿನ್ ಹೊಡೆಯುವ ರೀತಿ ಮಾತ್ರ ಕೇಳಬೇಡಿ, ಅದು ನನ್ನ ಹುಡುಗರಿಗೆ.

ನಡುವೆ ಚಪಲಕ್ಕೆ ಜಠರದ ಕೆಳಭಾಗವಾದ ಆಂಟ್ರಮ್ ಕಡೆಗೂ ಹೋಗಿದ್ದೆ. ಅಲ್ಲಿ ಮ್ಯೂಟೆಂಟ್‌ನಲ್ಲೂ ನರಜಾಲದ ಬಳಿಯ ಐಸಿಸಿ ಉಳಿದಿರುವುದರಿಂದ ಸ್ಲೋ ವೇವ್ (ತಾನಾಗೇ ಲಯವಾಗಿ ಏಳುವ ವೋಲ್ಟೇಜ್ ಅಲೆ) ನಿಮಿಷಕ್ಕೆ ನಾಲ್ಕೈದು ಬರುತ್ತಲೇ ಇರುತ್ತದೆ. ಒಂದು ಮಧ್ಯಾಹ್ನ ಹೀಟರ್ ಕೈಕೊಟ್ಟು ಬಾತ್ ತಣ್ಣಗಾದಾಗ ಅದು ತೂಕಡಿಸುವವರ ಹಾಗೆ ನಿಧಾನವಾಯಿತು. ಎರಡು ವಾರ ಅದರ ಹಿಂದೆಯೇ ಅಲೆದೆ, ಉಪಯೋಗಕ್ಕೆ ಬರಲಿಲ್ಲ.

ಸೀನಿಯರ್ ಒಪ್ಪಿದ್ದು ನಿಯೋಸ್ಟಿಗ್ಮಿನ್ ನೋಡಿದ ಮೇಲೆ. ಅಸಿಟೈಲ್‌ಕೊಲೀನ್ ಕರಗಿಸುವ ಕಿಣ್ವವನ್ನು ಕಟ್ಟಿಹಾಕಿದರೆ ಮ್ಯೂಟೆಂಟ್ ಸ್ನಾಯುವೂ ನರಕ್ಕೆ ಓಗೊಟ್ಟಿತು. ನರ ಹೇಳುತ್ತಲೇ ಇತ್ತು, ಮಾತು ದಾರಿಯಲ್ಲೇ ಸಾಯುತ್ತಿತ್ತು. ಅಂಟಿಕೊಂಡು ಕೂತು ಕೇಳಿಸಿಕೊಳ್ಳುವವನು ಐಸಿಸಿ. ಅವರು ಟ್ರೇಸ್ ತಿರುಗಿಸಿ ಮುರುಗಿಸಿ ನೋಡಿ, "ಇನ್ನೊಂದು ಇಲಿಯಲ್ಲಿ ತೋರಿಸು" ಅಂದರು. ಆರರಲ್ಲಿ ತೋರಿಸಿದೆ.